ಸೊಕ್ಕಿಲ್ಲದವರ ಕಾಡುಹಾದಿ

‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬುದು ಉತ್ತರ ಕನ್ನಡದ ಹಳೆಯ ಗಾದೆ. ಗೋಕರ್ಣದಲ್ಲಿ ಪೂಜೆ, ದಾನ, ದಕ್ಷಿಣೆ ಎಂದು ಕೈ ಬಿಚ್ಚಬೇಕಿತ್ತು. ಯಾಣಕ್ಕೆ ಮಾತ್ರ ಕಾಲಿನ ಕಸುವೇ ಬಂಡವಾಳ. ಸಹ್ಯಾದ್ರಿಯ ದಟ್ಟ ಕಾಡಿನೊಳಗೆ ಮೈಲಿಗಟ್ಟಲೆ ನಡೆದು, ಹಳ್ಳ ದಾಟಿ, ಇಂಬಳ ಕಿತ್ತೊಗೆದವರಿಗಷ್ಟೇ ಅಲ್ಲಿನ ಭೈರವೇಶ್ವರನ ದರ್ಶನ. ಈಗ ಶಿರಸಿ–ಕುಮಟಾ ನಡುವಿನಿಂದ ಕವಲೊಡೆದ ರಸ್ತೆ ಕಾಡಿನ ಒಳಕ್ಕೇ ಹೋಗುತ್ತದೆ. ವಾಹನ ನಿಲ್ಲಿಸಿದ ಮೇಲೆ ಉಳಿಯುವುದು ಮರಗಳ ನೆರಳಿನಲ್ಲಿ ಒಂದು ಪುಟ್ಟ ನಡಿಗೆ, ಕೊನೆಗೊಂದಿಷ್ಟು ಮೆಟ್ಟಿಲು. ಸೊಕ್ಕಿದ್ದವರಿಗೆಂದೇ ಮೀಸಲಾಗಿದ್ದ ಜಾಗಕ್ಕೆ ಇಂದು ಅಜ್ಜಿಯರೂ ಶಾಲೆ ಮಕ್ಕಳೂ ಆರಾಮಾಗಿ ನಡೆದು ಹೋಗುತ್ತಾರೆ.

ನಡಿಗೆ ಚಿಕ್ಕದಾದರೂ ನೋಟ ಚಿಕ್ಕದಲ್ಲ. ಮರಗಳ ಸಂದಿಯಿಂದ ಕಪ್ಪು ಸುಣ್ಣಕಲ್ಲಿನ ಗೋಡೆಯೊಂದು ಇದ್ದಕ್ಕಿದ್ದಂತೆ ಎದುರಾಗುತ್ತದೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಪಕ್ಕದ ಮೋಹಿನಿ ಶಿಖರ 90 ಮೀಟರ್. ಬಂಡೆಯ ಬಿರುಕಿನೊಳಗೆ ಹೊಕ್ಕರೆ ಹೊರಗಿನ ಸೆಕೆ ಮರೆತೇ ಹೋಗುವಷ್ಟು ತಂಪು. ಮೇಲೆ ಕತ್ತೆತ್ತಿದರೆ ಬಂಡೆಗೆ ಹೆಜ್ಜೇನಿನ ಹುಟ್ಟುಗಳು ಜೋತಾಡುತ್ತಿರುತ್ತವೆ. ಕೂಗಾಟ, ಹೊಗೆ, ಕಲ್ಲೆಸೆತ ಯಾವುದೂ ಇಲ್ಲಿ ಬೇಡ. ಮಕ್ಕಳಿಗೆ ಇದನ್ನು ಅಲ್ಲಿಗೆ ಹೋದ ಮೇಲಲ್ಲ, ಗಾಡಿಯಿಂದ ಇಳಿಯುವಾಗಲೇ ಹೇಳಿಬಿಡಬೇಕು.

ಕರ್ನಾಟಕದಲ್ಲಿ ಚಾರಣ ಎಂದಕೂಡಲೇ ಹೆಚ್ಚಿನವರ ಬಾಯಲ್ಲಿ ಬರುವುದು ಕುಮಾರ ಪರ್ವತ, ಕುದುರೆಮುಖ. ಎರಡೂ ಸೊಗಸಾದ ಜಾಗಗಳೇ, ಆದರೆ ಮೊದಲ ಸಲ ಕಾಡಿಗೆ ಕಾಲಿಡುವವರಿಗಲ್ಲ. ಎಂಟು ವರ್ಷದ ಮಗುವನ್ನೂ ಮಂಡಿನೋವಿನ ಅತ್ತೆಯನ್ನೂ ಕರೆದುಕೊಂಡು ಹೊರಟ ಕುಟುಂಬಕ್ಕಂತೂ ಅಲ್ಲವೇ ಅಲ್ಲ. ಹಾಗಾದರೆ ‘ಸುಲಭ’ ಎಂಬುದನ್ನು ಅಳೆಯುವುದು ಹೇಗೆ?

ಬೆಟ್ಟದ ಎತ್ತರ ನೋಡಿ ಅಳೆದರೆ ಲೆಕ್ಕ ತಪ್ಪುತ್ತದೆ. ರಾಜ್ಯದ ಅತಿ ಎತ್ತರದ ಶಿಖರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, 1,930 ಮೀಟರ್. ಆದರೆ ರಸ್ತೆ ತುದಿಯ ಹತ್ತಿರದವರೆಗೂ ಹೋಗುವುದರಿಂದ ಉಳಿಯುವುದು ಕೆಲವು ನೂರು ಮೆಟ್ಟಿಲು ಮಾತ್ರ. ಕುಮಾರ ಪರ್ವತ ಅದಕ್ಕಿಂತ ಗಿಡ್ಡ, 1,712 ಮೀಟರ್. ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟವರು ಬೆಟ್ಟದ ಬುಡದಿಂದಲೇ ಹತ್ತಬೇಕು. ದಾರಿ ಹನ್ನೆರಡು–ಹದಿಮೂರು ಕಿ.ಮೀ., ಏರು ಸಾವಿರದ ಐನೂರು ಮೀಟರಿಗೂ ಹೆಚ್ಚು. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ಭೂಪಟದವರ ಲೆಕ್ಕ, ಎಲ್ಲಿಂದ ಹತ್ತಲು ಶುರು ಮಾಡುತ್ತೇವೆ ಎಂಬುದು ಕಾಲಿನ ಲೆಕ್ಕ.

ಈ ಕಾಲಿನ ಲೆಕ್ಕಕ್ಕೆ ಒಂದು ಸೂತ್ರವೇ ಇದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಪ್ರತಿ ಐದು ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಹಾಕಿ ನೋಡಿದರೆ ಹತ್ತಲಿಕ್ಕೇ ಐದು ಗಂಟೆ ಹಿಡಿಯುತ್ತದೆ. ಅದೂ ಎಲ್ಲೂ ಕೂರದೆ, ನೀರಿಗೂ ನಿಲ್ಲದೆ, ಗಟ್ಟಿಮುಟ್ಟಾದ ಆಳು ನಡೆದರೆ. ನೈಸ್ಮಿತ್ ತನ್ನ ಲೆಕ್ಕದಲ್ಲಿ ಮಕ್ಕಳನ್ನು ಸೇರಿಸಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಕಲ್ಲು ಹೆಕ್ಕುವ, ಅರ್ಧ ದಾರಿಯಲ್ಲಿ ಬೂಟಿನ ದಾರ ಬಿಚ್ಚಿಕೊಳ್ಳುವ, ‘ಇನ್ನೂ ಎಷ್ಟು ದೂರ’ ಎಂದು ಕೇಳುವ ಜೀವಗಳು ಜೊತೆಗಿದ್ದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿಕೊಳ್ಳುವುದು ಕ್ಷೇಮ. ಹಾಗೆ ಗುಣಿಸಿದ ಮೇಲೂ ಹೋಗಿ ಬರುವ ಒಟ್ಟು ನಡಿಗೆ ಮೂರು ಗಂಟೆಯೊಳಗೆ ಮುಗಿಯುವಂತಿದ್ದರೆ ಅದನ್ನು ಮನೆಮಂದಿಯ ಹಾದಿ ಎನ್ನಬಹುದು.

ಏರಿನ ಜೊತೆಗೆ ನೆರಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನ ಸುತ್ತಲಿನ ಮಾಕಳಿದುರ್ಗ, ಸಾವನದುರ್ಗದಂಥ ಬಂಡೆ ಬೆಟ್ಟಗಳಲ್ಲಿ ನಡೆಯುವ ದೂರ ಕಡಿಮೆ, ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ಕಲ್ಲು ಕಾದು ಹೆಂಚಾಗಿರುತ್ತದೆ. ಮಲೆನಾಡಿನ ಕಾಡಿನಲ್ಲಿ ಅದೇ ಹೊತ್ತಿಗೆ ತಲೆಯ ಮೇಲೆ ಎಲೆಯ ಚಪ್ಪರ. ಎರಡು ಕಿ.ಮೀ. ಬಿಸಿಲಿಗಿಂತ ನಾಲ್ಕು ಕಿ.ಮೀ. ನೆರಳು ಮಕ್ಕಳಿಗೆ ಎಷ್ಟೋ ಹಗುರ.

ಮೂರನೆಯ ಸಂಗತಿಯನ್ನು ಜಾಲತಾಣದ ಪಟ್ಟಿಗಳು ಹೇಳುವುದೇ ಇಲ್ಲ: ಅರ್ಧದಲ್ಲಿ ವಾಪಸು ಬಂದರೂ ಹೊಟ್ಟೆ ತುಂಬುವಂತಿದೆಯೇ ಆ ಹಾದಿ? ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ತಂಗುತ್ತಿದ್ದ ಕೆಮ್ಮಣ್ಣುಗುಂಡಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ರಾಜಭವನದ ಕಡೆಯಿಂದ ಝಡ್ ಪಾಯಿಂಟ್ ಎಂಬ ನೋಟದ ತಾಣಕ್ಕೆ ಹೋಗುವ ಕಾಲುದಾರಿ ಬೆಟ್ಟದ ಪಕ್ಕೆಯನ್ನು ಹಿಡಿದು ಸಾಗುತ್ತದೆ. ಒಂದು ಬದಿಗೆ ಶೋಲಾ ಕಾಡು, ಇನ್ನೊಂದು ಬದಿಗೆ ಕಣಿವೆ. ನಡುವೆ ಶಾಂತಿ ಜಲಪಾತ ಸಿಗುತ್ತದೆ. ಅಲ್ಲಿಂದ ಮುಂದೆ ಏರು ಚುರುಕಾಗುತ್ತದೆ, ಹುಲ್ಲಿನ ನಡುವೆ ದಾರಿ ಕಿರಿದಾಗುತ್ತದೆ. ದಣಿದವರು ಜಲಪಾತದ ಬಳಿಯೇ ಬುತ್ತಿ ಬಿಚ್ಚಿ ಹಿಂದಿರುಗಬಹುದು, ಹುರುಪಿದ್ದವರು ಮುಂದೆ ಹೋಗಿ ಬರಬಹುದು. ಯಾರಿಗೂ ಅರ್ಧಕ್ಕೇ ಬಿಟ್ಟೆವೆಂಬ ಕೊರಗಿಲ್ಲ.

ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಕೂಡ ಇದೇ ಜಾತಿಯದು. 1,748 ಮೀಟರಿನ ಆ ಬೆಟ್ಟದ ಬುಡದಲ್ಲಿ ದೊಡ್ಡ ವೀರರಾಜೇಂದ್ರ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ. ಮೊದಲ ಭಾಗ ಕಾಫಿ ತೋಟಗಳ ನಡುವಿನ ಸಾದಾ ದಾರಿ, ಕೊನೆಯದು ಕಾಡಿನೊಳಗಿನ ನಿಟ್ಟೇರು. ಆ ನಿಟ್ಟೇರನ್ನು ಮಕ್ಕಳು ಹದಿಹರೆಯಕ್ಕೆ ಬರುವ ತನಕ ಬಾಕಿ ಇಟ್ಟುಕೊಂಡರೆ ನಷ್ಟವೇನಿಲ್ಲ.

ಇನ್ನೂ ಹತ್ತಿರದಲ್ಲಿ, ಇನ್ನೂ ಸಲೀಸಾಗಿ ಬೇಕೆಂದರೆ ಬೆಂಗಳೂರಿನವರಿಗೆ ತುಮಕೂರಿನ ದೇವರಾಯನದುರ್ಗವಿದೆ. ಅಲ್ಲಿನ ನಾಮದ ಚಿಲುಮೆಯಲ್ಲಿ ಬಂಡೆಯಿಂದ ನೀರು ಜಿನುಗುತ್ತದೆ. ಹಣೆಗೆ ನಾಮ ಹಚ್ಚಿಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟು ಈ ಒರತೆ ತೆರೆದನೆಂದು ಸ್ಥಳಪುರಾಣ. ಪಕ್ಕದಲ್ಲೇ ಜಿಂಕೆವನ, ಸುತ್ತ ಕುರುಚಲು ಮತ್ತು ಎಲೆಯುದುರುವ ಕಾಡು, ಮೇಲೆ ಯೋಗನರಸಿಂಹನ ಗುಡಿ. ಮಂಗಗಳ ಕಾಟವೂ ಧಾರಾಳ, ಕೈಯಲ್ಲಿ ಬಾಳೆಹಣ್ಣು ಹಿಡಿದವರ ಗತಿ ಅವರೇ ನೋಡಿಕೊಳ್ಳಬೇಕು. ಮೈಸೂರಿನವರಿಗಂತೂ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೇ ಪಾಠಶಾಲೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದ ಈ ಮೆಟ್ಟಿಲುಗಳ ಇಕ್ಕೆಲದಲ್ಲೂ ಕಾಡೇ. ನಡುವೆ ದಣಿವಾರಿಸಿಕೊಳ್ಳಲು ಏಕಶಿಲಾ ನಂದಿ. ಇಲ್ಲಿ ನಾಲ್ಕಾರು ಸಲ ಹತ್ತಿಳಿದ ಕುಟುಂಬಕ್ಕೆ ಮನೆಯಲ್ಲಿ ಯಾರ ಕಾಲು ಎಷ್ಟು ತಾಳುತ್ತದೆ ಎಂಬುದು ಸ್ಪಷ್ಟವಾಗಿ ಗೊತ್ತಾಗಿರುತ್ತದೆ. ಹತ್ತುವಾಗ ಏದುಸಿರು, ಇಳಿಯುವಾಗ ಮಂಡಿ. ಹಿರಿಯರನ್ನು ಕಾಡುವುದು ಎರಡನೆಯದೇ ಹೆಚ್ಚು, ಹಾಗಾಗಿ ಹತ್ತಿ ಹೋಗಿ ಬಸ್ಸಿನಲ್ಲಿ ಇಳಿದು ಬರುವುದಕ್ಕೂ ಸಂಕೋಚಪಡಬೇಕಿಲ್ಲ.

ಹೀಗೆ ಹಾದಿ ಆರಿಸಿಕೊಂಡ ಮೇಲೆ ಮಕ್ಕಳಿಗೆ ಶಿಖರದ ಆಸೆ ಹುಟ್ಟಿಸದಿರುವುದು ಜಾಣತನ. ಅವರ ಕಣ್ಣು ನೆಲದಿಂದ ಮೂರಡಿ ಎತ್ತರದಲ್ಲಿರುತ್ತದೆ, ಕಾಡಿನ ಮುಖ್ಯ ವ್ಯವಹಾರವೆಲ್ಲ ನಡೆಯುವುದು ಅಲ್ಲೇ. ಪಶ್ಚಿಮ ಘಟ್ಟದ ಹಾದಿಬದಿಯ ಮರದಲ್ಲಿ ಹಸಿ ಎಲೆಗಳನ್ನೇ ಮಡಚಿ ಅಂಟಿಸಿದಂಥ ಉಂಡೆಯೊಂದು ಕಂಡರೆ ಅದು ಚಿಗಳಿ ಇರುವೆಯ ಗೂಡು. ಒಂದಷ್ಟು ಇರುವೆಗಳು ಸಾಲಾಗಿ ನಿಂತು ಎರಡು ಎಲೆಯ ಅಂಚುಗಳನ್ನು ಹತ್ತಿರ ಎಳೆದು ಹಿಡಿಯುತ್ತವೆ. ಇನ್ನಷ್ಟು ಇರುವೆಗಳು ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಅವು ಉಗುಳುವ ರೇಷ್ಮೆ ಎಳೆಯಿಂದ ಈ ಅಂಚಿಗೂ ಆ ಅಂಚಿಗೂ ಹೊಲಿಗೆ ಹಾಕುತ್ತವೆ. ಹತ್ತು ನಿಮಿಷ ನಿಂತು ನೋಡುವಂಥ ಕೆಲಸ. ತೀರಾ ಹತ್ತಿರ ಹೋದರೆ ಕಚ್ಚಿಸಿಕೊಳ್ಳುವುದೂ ಖಚಿತ. ಮಲೆನಾಡಿನ ಕೆಲವು ಮನೆಗಳಲ್ಲಿ ಇದೇ ಚಿಗಳಿಯ ಹುಳಿ ಚಟ್ನಿ ಅರೆಯುತ್ತಾರೆ ಎಂದು ಹೇಳಿದರೆ ಪೇಟೆಯ ಮಕ್ಕಳ ಮುಖ ನೋಡಬೇಕು.

ಅದೃಷ್ಟವಿದ್ದರೆ ಅಡಿಕೆ ತೋಟದ ಅಂಚಿನಲ್ಲಿ ಹಾರುವ ಓತಿಯೂ ಕಂಡೀತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಓದಿದವರಿಗೆ ಅದರ ಪರಿಚಯ ಬೇಕಿಲ್ಲ. ಮರದ ತೊಗಟೆಯ ಬಣ್ಣಕ್ಕೇ ಹೊಂದಿಕೊಂಡು ಕೂತಿರುವುದರಿಂದ ಓತಿ ಸುಲಭಕ್ಕೆ ಕಣ್ಣಿಗೆ ಬೀಳದು. ಆದರೆ ಗಂಡು ತನ್ನ ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದಂತೆ ಬಿಚ್ಚಿ ಮುಚ್ಚಿ ಮಾಡುವಾಗ ಸಿಕ್ಕಿಬೀಳುತ್ತದೆ. ಆಮೇಲೆ ಅದು ಮುಂದಿನ ಮರಕ್ಕೆ ತೇಲುವ ತನಕ ಯಾವ ಮಗುವೂ ‘ಎಷ್ಟು ದೂರ’ ಎಂದು ಕೇಳುವುದಿಲ್ಲ.

ಮಲೆನಾಡಿನ ಕಾಡಿನ ವಿಷಯದಲ್ಲಿ ಪೇಟೆಯವರು ಮೊದಲು ಹೆದರುವುದು ಇಂಬಳಕ್ಕೆ. ಮಳೆಗಾಲದಲ್ಲಿ ಆಗುಂಬೆಯಂಥ ಕಡೆ ತರಗೆಲೆಯ ಮೇಲೆ ನೆಟ್ಟಗೆ ನಿಂತು ತಲೆಯಾಡಿಸುತ್ತ ಕಾಯುವ ಈ ಜೀವಿಯಿಂದ ಅಸಹ್ಯವಾಗಬಹುದು, ಅಪಾಯ ಕಡಿಮೆ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ರಸವೊಂದನ್ನು ಬಿಡುತ್ತದೆ. ಅದಕ್ಕೇ ಬಿದ್ದುಹೋದ ಮೇಲೂ ಗಾಯ ಸ್ವಲ್ಪ ಹೊತ್ತು ಸೋರುತ್ತದೆ. ಎಳೆದು ಕೀಳುವ ಬದಲು ಉಗುರಿನಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ, ಗಾಯ ತೊಳೆದು ಒತ್ತಿ ಹಿಡಿದರೆ ಸಾಕು. ಹಳ್ಳಿಯವರು ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಳ್ಳುತ್ತಾರೆ. ಪೇಟೆಯವರಿಗೆ ಮಂಡಿಯವರೆಗೆ ಬರುವ ದಟ್ಟ ನೇಯ್ಗೆಯ ಕಾಲುಚೀಲ ಆದೀತು.

ನಿಜಕ್ಕೂ ಎಚ್ಚರ ಬೇಕಾದದ್ದು ಇಂಬಳದಷ್ಟು ಕಣ್ಣಿಗೆ ಬೀಳದ ಉಣುಗಿನ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಜನ ಪ್ರವಾಸಕ್ಕೆ ಹೊರಡುವ ಒಣ ತಿಂಗಳುಗಳಲ್ಲೇ, ಇದರ ಹಾವಳಿ. ಆ ದಿನಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಸೀಮೆಯ ಕಾಡಿಗೆ ಹೋಗುವ ಮುನ್ನ ಊರಿನವರನ್ನೋ ಆರೋಗ್ಯ ಕೇಂದ್ರವನ್ನೋ ವಿಚಾರಿಸಬೇಕು. ಮೈ ಮುಚ್ಚುವ ಬಟ್ಟೆ, ಕೈಕಾಲಿಗೆ ಕೀಟ ತಡೆಯುವ ಎಣ್ಣೆ, ಬಂದಕೂಡಲೇ ಬಿಸಿನೀರ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯ ಇಲಾಖೆಗೋ ಆಸ್ಪತ್ರೆಗೋ ತಿಳಿಸಬೇಕು. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಹೀಗೆ ಮಳೆಗಾಲದ ಇಂಬಳ, ಒಣ ತಿಂಗಳುಗಳ ಉಣುಗು, ಫೆಬ್ರುವರಿಯಿಂದ ಕಾಡ್ಗಿಚ್ಚಿನ ಭಯ ಎಲ್ಲವನ್ನೂ ಕಳೆದರೆ ಪಶ್ಚಿಮ ಘಟ್ಟದಲ್ಲಿ ಮನೆಮಂದಿಗೆ ಉಳಿಯುವ ಒಳ್ಳೆಯ ಕಾಲ ಅಕ್ಟೋಬರ್, ನವೆಂಬರ್. ಹಳ್ಳಗಳಲ್ಲಿ ನೀರಿರುತ್ತದೆ, ಹುಲ್ಲು ಇನ್ನೂ ಹಸಿರಿರುತ್ತದೆ. ದಸರಾ ರಜೆಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ ಬರುವುದು ಕುಟುಂಬಗಳ ಪುಣ್ಯ.

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್ ಹತ್ತಿ, ಘಟ್ಟದ ತಿರುವುಗಳಲ್ಲಿ ನಿದ್ದೆಗೆಟ್ಟು, ಬೆಳಗಿನ ಜಾವ ಬೆಟ್ಟದ ಬುಡದಲ್ಲಿ ಇಳಿದು, ಮುಖ ತೊಳೆದು ಹತ್ತಲು ಶುರುಮಾಡುವ ವಾರಾಂತ್ಯದ ಪದ್ಧತಿಯೊಂದು ಇತ್ತೀಚಿನ ವರ್ಷಗಳಲ್ಲಿ ಬೆಳೆದಿದೆ. ಇಪ್ಪತ್ತೈದರ ಹುಡುಗರು ಅದನ್ನು ತಾಳಿಕೊಳ್ಳುತ್ತಾರೆ. ಮಕ್ಕಳಿಗೆ ಅದು ಹಿಂಸೆ. ಹಿಂದಿನ ದಿನವೇ ಹೋಗಿ ಹತ್ತಿರದ ಹೋಂಸ್ಟೇಯಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿನ ಕಡುಬು–ಚಟ್ನಿ ತಿಂದು ಹೊರಟರೆ ಅದೇ ಹಾದಿ ಅರ್ಧಕ್ಕರ್ಧ ಹಗುರ. ಕಾಡು ತಿಳಿದ ಸ್ಥಳೀಯರೊಬ್ಬರು ಜೊತೆಗೆ ಸಿಗುವುದೂ ಇಂಥ ಮನೆಗಳಿಂದಲೇ.

ಈ ವಾರಾಂತ್ಯದ ಜಾತ್ರೆ ಎಲ್ಲಿಗೆ ಮುಟ್ಟಿತೆಂದರೆ, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಅದರ ಬೆನ್ನಿಗೇ ಸರ್ಕಾರ, ಮುಂಗಡ ನೋಂದಣಿ ವ್ಯವಸ್ಥೆ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಎಂಬ ಜಾಲತಾಣ ತೆರೆದು, ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಇಲಾಖೆಯ ಚಾರಣ ಹಾದಿಗಳಿಗೆ ಹೊರಡುವವರು ಮೊದಲು ಅಲ್ಲಿ ನೋಡಿಕೊಳ್ಳುವುದು ಒಳಿತು. ಗುರುತಿನ ಚೀಟಿಯೂ ಕೈಯಲ್ಲಿರಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ‘ಅಲ್ಲಿ ಯಾರೂ ಕೇಳಲ್ಲ’ ಎಂಬ ಗೆಳೆಯರ ಭರವಸೆ ನಂಬಿ ಮನೆಮಂದಿಯನ್ನೆಲ್ಲ ಕರೆದೊಯ್ಯುವುದು ಬೇಡ.

ಚೀಲದ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ದೊಡ್ಡವರಿಗೆ ತಲಾ ಎರಡು ಲೀಟರ್ ನೀರು, ಮಕ್ಕಳಿಗೆ ಕಿತ್ತಳೆ, ಕಡಲೆ ಚಿಕ್ಕಿ, ಚಪಾತಿ ಸುರುಳಿ, ಒಂದೆರಡು ಓ.ಆರ್.ಎಸ್. ಪೊಟ್ಟಣ. ಕೋಡುಬಳೆ, ನಿಪ್ಪಟ್ಟು ಬಾಯಿಗೆ ರುಚಿ, ಆದರೆ ಬಾಯಾರಿಕೆ ಹೆಚ್ಚಿಸುತ್ತವೆ, ಅವನ್ನು ವಾಪಸು ಬರುವ ಗಾಡಿಯಲ್ಲಿ ತಿಂದರಾಯಿತು. ಜೀನ್ಸ್ ಒದ್ದೆಯಾದರೆ ಭಾರ, ಹತ್ತಿಯ ಸಡಿಲ ಪ್ಯಾಂಟೇ ವಾಸಿ. ಚೀಲದಲ್ಲಲ್ಲ, ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತೂ ಒಂದಿದೆ: ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗ ಅಲುಗದಂತೆ ನೋಡಿಕೊಂಡು, ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೆ ಸಾಗಿಸಬೇಕು. ಅಂಥ ಆಸ್ಪತ್ರೆ ಎಲ್ಲಿದೆ ಎಂಬುದನ್ನು ಹೊರಡುವ ಮುಂಚೆಯೇ ಹೋಂಸ್ಟೇಯವರಲ್ಲಿ ಕೇಳಿಟ್ಟುಕೊಳ್ಳಬೇಕು. ಕಾಡಿನೊಳಗೆ ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳೇ ಹೆಚ್ಚು. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೋಂಸ್ಟೇಯವರಿಗೇ ಹೇಳಿ ಹೊರಟರೆ, ತಡವಾದಾಗ ಹುಡುಕಿಕೊಂಡು ಬರಲು ಒಬ್ಬರಾದರೂ ಇರುತ್ತಾರೆ.