ತಾಯಿಯಿಂದ ಉಸಿರು ಸೆಳೆಯುವ ರಕ್ತ

2007ರಲ್ಲಿ ಎವರೆಸ್ಟ್ ಏರಿದ ವೈದ್ಯರ ತಂಡವೊಂದು ಶಿಖರದಿಂದ ಇಳಿಯುವಾಗ, 8400 ಮೀಟರ್ ಎತ್ತರದಲ್ಲಿ, ತೊಡೆಯ ಅಪಧಮನಿಗೆ ಸೂಜಿ ಚುಚ್ಚಿ ತಮ್ಮದೇ ರಕ್ತ ತೆಗೆಯಿತು. ನಾಲ್ವರ ರಕ್ತದಲ್ಲಿ ಆಮ್ಲಜನಕದ ಒತ್ತಡ ಸರಾಸರಿ ಪಾದರಸದ 25 ಮಿಲಿಮೀಟರ್ ಕೂಡ ಇರಲಿಲ್ಲ. ಬಯಲುಸೀಮೆಯಲ್ಲಿ ಓಡಾಡುವ ನಮ್ಮ ನಿಮ್ಮ ಮೈಯಲ್ಲಿ ಅದು 100ರ ಆಸುಪಾಸು. ಈಗ ಇನ್ನೊಂದು ಅಂಕಿ ಕೇಳಿ: ಮಾಸಿನಿಂದ ಹೊರಟು ಹೊಕ್ಕುಳಬಳ್ಳಿಯಲ್ಲಿ ಹಾದು ಮಗುವನ್ನು ಸೇರುವ ರಕ್ತದಲ್ಲಿ ಆ ಒತ್ತಡ ಸುಮಾರು 30. ಮಗುವಿನ ಪಾಲಿಗೆ ಅದೇ ಅತ್ಯುತ್ತಮ ರಕ್ತ! ಪರ್ವತಾರೋಹಿಗಳು ಒಂದೊಂದು ಹೆಜ್ಜೆಗೂ ಏದುಸಿರು ಬಿಡುವಂಥ ಬಡತನದಲ್ಲಿ ನಾವೆಲ್ಲ ತಿಂಗಳುಗಟ್ಟಲೆ ಇದ್ದೆವು. ಇದ್ದೆವಷ್ಟೇ ಅಲ್ಲ, ಎಲುಬು ಕಟ್ಟಿಕೊಂಡೆವು, ಮೆದುಳು ಹೆಣೆದುಕೊಂಡೆವು, ಕಾಲು ಝಾಡಿಸಿದೆವು.

ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ದೊಡ್ಡ ಹೆಸರು. 1921–22ರಲ್ಲಿ ಪೆರು ದೇಶದ ಸೆರೊ ಡಿ ಪಾಸ್ಕೊಗೆ ಹೋಗಿ ಎತ್ತರದ ಗಾಳಿಯಲ್ಲಿ ರಕ್ತ ಏನಾಗುತ್ತದೆಂದು ನೋಡಿ ಬಂದಿದ್ದ ಈತ, ಮುಂದೆ ಗಬ್ಬದ ಕುರಿಗಳತ್ತ ತಿರುಗಿದ. ಬೆಟ್ಟದ ಮೇಲೆ ಹುಡುಕಿದ್ದನ್ನೇ ಬಸಿರೊಳಗೆ ಹುಡುಕಿದ! ತಾಯಿಕುರಿಯ ರಕ್ತಕ್ಕಿಂತ ಮರಿಯ ರಕ್ತ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಮನುಷ್ಯರಲ್ಲೂ ಹಾಗೆಯೇ. ದೊಡ್ಡವರ ಹಿಮೋಗ್ಲೋಬಿನ್ ಅರ್ಧ ತುಂಬಲು ಸುಮಾರು 27 ಮಿಲಿಮೀಟರ್ ಒತ್ತಡ ಬೇಕು. ಹುಟ್ಟುವ ಮುಂಚಿನ ಮಗುವಿನದಕ್ಕೆ 19–20 ಸಾಕು.

ಗುಟ್ಟು ಬಿಚ್ಚಿಕೊಂಡದ್ದು 1967ರಲ್ಲಿ. ಕೆಂಪು ರಕ್ತಕಣದೊಳಗೆ ಡಿಪಿಜಿ ಎಂಬ ಪುಟ್ಟ ಅಣು ರಾಶಿರಾಶಿಯಾಗಿದೆ. ಅದು ಆಮ್ಲಜನಕದ ಮೇಲೆ ಹಿಮೋಗ್ಲೋಬಿನ್ನಿನ ಹಿಡಿತವನ್ನು ಸಡಿಲಿಸುತ್ತದೆ ಎಂಬುದು ಆಗ ತಿಳಿಯಿತು. ಹಿಮೋಗ್ಲೋಬಿನ್ನಿನ ಎರಡು ಬೀಟಾ ಸರಪಳಿಗಳ ನಡುವಿನ ಸಂದಿಗೆ ಬೆಣೆಯಂತೆ ಸಿಕ್ಕಿಕೊಂಡು ಹಾಗೆ ಮಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಭ್ರೂಣದ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಇಲ್ಲ, ಅದರ ಜಾಗದಲ್ಲಿ ಗಾಮಾ ಸರಪಳಿ ಇದೆ. 146 ಅಮೈನೋ ಆಮ್ಲಗಳ ಆ ಸಾಲಿನಲ್ಲಿ 143ನೆಯದನ್ನು ನೋಡಿ: ಬೀಟಾದಲ್ಲಿ ಹಿಸ್ಟಿಡೀನ್, ಗಾಮಾದಲ್ಲಿ ಸೆರೀನ್. ಇಲ್ಲಿ ಡಿಪಿಜಿ ಸರಿಯಾಗಿ ಕೂರುವುದಿಲ್ಲ, ಹಿಡಿತ ಬಿಗಿಯಾಗಿಯೇ ಉಳಿಯುತ್ತದೆ. ಡಿಪಿಜಿಯನ್ನು ಪೂರ್ತಿ ತೊಳೆದುಹಾಕಿದರೆ ತಾಯಿಯ ಹಿಮೋಗ್ಲೋಬಿನ್ನಿಗೂ ಮಗುವಿನದಕ್ಕೂ ಹೆಚ್ಚುಕಡಿಮೆ ಒಂದೇ ಶಕ್ತಿ!

ಹಾಗಾದರೆ ಬಾರ್‌ಕ್ರಾಫ್ಟ್ ಕಂಡ ಕುರಿಯಲ್ಲೂ ಇದೇ ಉಪಾಯವೇ? ಅಲ್ಲ! ನನ್ನನ್ನು ಬೆರಗಾಗಿಸುವುದು ಇದೇ. ದೊಡ್ಡ ಕುರಿಯ ರಕ್ತಕಣದಲ್ಲಿ ಡಿಪಿಜಿ ಇರುವುದೇ ಅತ್ಯಲ್ಪ. ಅಲ್ಲಿ ಮರಿಯ ಹಿಮೋಗ್ಲೋಬಿನ್ನಿಗೆ ಬಿಗಿ ಹಿಡಿತ ತನ್ನ ರಚನೆಯಿಂದಲೇ ಬಂದಿದೆ. ಕುದುರೆಗೆ ಬನ್ನಿ. ಅದರ ಮರಿಗೆ ಬೇರೆ ಭ್ರೂಣ ಹಿಮೋಗ್ಲೋಬಿನ್ನೇ ಇಲ್ಲ, ತಾಯಿಯದೂ ಮರಿಯದೂ ಒಂದೇ. ವ್ಯತ್ಯಾಸವೆಲ್ಲ ಕಣದೊಳಗೆ ಡಿಪಿಜಿ ಎಷ್ಟಿದೆ ಎಂಬುದರಲ್ಲಿ. ಹಂದಿಯದೂ ಇದೇ ದಾರಿ. ಹುಟ್ಟಿದ ಕೆಲವೇ ದಿನಗಳಲ್ಲಿ ಹಂದಿಮರಿಯ ರಕ್ತಕಣಗಳಲ್ಲಿ ಡಿಪಿಜಿ ಏರಿ, ಹಿಡಿತ ಸಡಿಲವಾಗಿ, ಮರಿ ಗಾಳಿಯ ಲೋಕಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಕೂಸಿಗೆ ಆ ಅವಸರವಿಲ್ಲ. ಹುಟ್ಟುವಾಗ ಅದರ ಹಿಮೋಗ್ಲೋಬಿನ್ನಿನಲ್ಲಿ ಶೇಕಡ 60ರಿಂದ 80ರಷ್ಟು ಭ್ರೂಣದ್ದೇ. ಮಜ್ಜೆಯಲ್ಲಿ ಬೀಟಾ ಹೊತ್ತ ಹೊಸ ಕಣಗಳು ತಯಾರಾಗಿ ಹಳೆಯವು ಸವೆದುಹೋಗಬೇಕು. ಅದಕ್ಕೆ ಆರೇಳು ತಿಂಗಳಾದರೂ ಹಿಡಿಯುತ್ತದೆ. ಒಂದೇ ಕೆಲಸ, ಎಷ್ಟೊಂದು ಬಗೆ!

ಇಷ್ಟಾದ ಮೇಲೆ ಬೆಕ್ಕು ಬರುತ್ತದೆ. 1969ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ತಾಯಿಬೆಕ್ಕಿನ ರಕ್ತಕ್ಕೂ ಹೊಟ್ಟೆಯಲ್ಲಿರುವ ಮರಿಯ ರಕ್ತಕ್ಕೂ ಆಮ್ಲಜನಕದ ಹಿಡಿತದಲ್ಲಿ ವ್ಯತ್ಯಾಸವೇ ಇಲ್ಲ. ಆದರೂ ಬೆಕ್ಕು ಮರಿ ಹಾಕುತ್ತಲೇ ಇದೆ, ಅದೂ ಮೂರು ನಾಲ್ಕು ಒಟ್ಟಿಗೆ! ಮನುಷ್ಯರಲ್ಲೂ ಅಪರೂಪದ ಹಿಮೋಗ್ಲೋಬಿನ್ನಿಂದಾಗಿ ಮಗುವಿಗಿಂತ ಬಿಗಿಯಾದ ರಕ್ತವಿದ್ದ ತಾಯಂದಿರು ಆರೋಗ್ಯವಂತ ಕೂಸುಗಳನ್ನು ಹೆತ್ತಿದ್ದಾರೆ. ಎಂದರೆ ಮಾಸಿನಲ್ಲಿ ನಡೆಯುವ ಕೊಡುಕೊಳ್ಳುವಿಕೆಗೆ ಬೇರೆ ಬಲಗಳೂ ಇವೆ. ಮಗುವಿನಿಂದ ಬರುವ ರಕ್ತ ಆಮ್ಲಜನಕ ಖಾಲಿಯಾಗಿಯೇ ಬರುತ್ತದೆ, ಆದ್ದರಿಂದ ಹರಿವು ಅತ್ತಲೇ. ಜೊತೆಗೆ ಕ್ರಿಶ್ಚಿಯನ್ ಬೋರ್ (ಅಣುವಿಜ್ಞಾನಿ ನೀಲ್ಸ್ ಬೋರ್‌ನ ತಂದೆ) 1904ರಲ್ಲಿ ತನ್ನ ಸಂಗಾತಿಗಳೊಂದಿಗೆ ತೋರಿಸಿಕೊಟ್ಟ ಪರಿಣಾಮ ಇಲ್ಲಿ ಎರಡೂ ಕಡೆ ಕೆಲಸ ಮಾಡುತ್ತದೆ. ಮಗು ತನ್ನ ಇಂಗಾಲದ ಡೈಆಕ್ಸೈಡನ್ನು ತಾಯಿಯ ರಕ್ತಕ್ಕೆ ದಾಟಿಸಿದ ಕೂಡಲೇ ತಾಯಿಯ ಹಿಮೋಗ್ಲೋಬಿನ್ ಹಿಡಿತ ಬಿಡುತ್ತದೆ. ಅದೇ ಕ್ಷಣದಲ್ಲಿ, ಅದೇ ಕಾರಣಕ್ಕೆ, ಮಗುವಿನದು ಹಿಡಿತ ಬಿಗಿಮಾಡುತ್ತದೆ. ದಿನ ತುಂಬಿದ ಮಾನವ ಮಾಸಿನಲ್ಲಿ ಈ ಎರಡು ರಕ್ತಗಳ ನಡುವಿನ ಪೊರೆ ಕೆಲವೇ ಮೈಕ್ರೋಮೀಟರ್ ದಪ್ಪ. ರಕ್ತಗಳು ಬೆರೆಯದೆ, ಆಮ್ಲಜನಕ ಆ ಪೊರೆಯನ್ನು ದಾಟುತ್ತಲೇ ಇರುತ್ತದೆ.