ನಡು ಸವೆದ ಚೂರಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳೆಯ ಮನೆಗಳಲ್ಲಿ, ಸ್ಟೀಲಿನ ಚಾಕುಗಳು ಬಂದು ತುಂಬಿದ ಮೇಲೂ, ಕಂಬಾರನ ಕುಲುಮೆಯಲ್ಲಿ ಬಡಿಸಿ ತಂದ ಚೂರಿಯೋ ಇಳಿಗಿಯೋ ಒಂದು ಉಳಿದಿರುವುದುಂಟು. ಅಂಥ ಚೂರಿಯ ಬಾಯಿಯನ್ನು ಸಮವಾದ ಹಲಗೆಯ ಮೇಲೆ ನಿಲ್ಲಿಸಿ ಬೆಳಕಿಗೆ ಎದುರಾಗಿ ನೋಡಿದರೆ, ಬುಡವೂ ತುದಿಯೂ ಹಲಗೆಗೆ ತಾಗಿದ್ದು ನಡುವೆ ಮಾತ್ರ ಬೆಳಕಿನ ಗೆರೆಯೊಂದು ತೂರಿಬರುತ್ತದೆ. ಉಳ್ಳಾಗಡ್ಡಿ ಹೆಚ್ಚಿದಾಗ ಹೋಳುಗಳು ಬೇರ್ಪಡದೆ ಒಂದಕ್ಕೊಂದು ಜೋತುಬೀಳುವುದಕ್ಕೆ ಆ ಗೆರೆಯೇ ಕಾರಣವಾಗಿದ್ದರೂ, ಹೆಚ್ಚುವವರು ಚೂರಿ ಮೊಂಡಾಯಿತೆಂದು ಭಾವಿಸಿ ಮತ್ತಷ್ಟು ಮಸೆಯುತ್ತಾರೆ. ಮಸೆದಂತೆಲ್ಲ ಕುಳಿ ಆಳವಾಗುತ್ತದೆ.

ಈ ಅಸಮ ಸವೆತದ ಮೂಲ ಲೋಹಕ್ಕಿಂತ ಕೈಯಲ್ಲಿಯೇ ಹೆಚ್ಚು. ಹಿಡಿ ಅಡ್ಡಬರುವುದರಿಂದ ಬುಡದ ಭಾಗವು ಕಲ್ಲನ್ನು ಮುಟ್ಟುವುದೇ ಅಪರೂಪ. ತುದಿಯ ಬಾಗನ್ನನುಸರಿಸಿ ಮಣಿಕಟ್ಟನ್ನು ಎತ್ತುವ ಶ್ರಮವನ್ನು ವಹಿಸುವವರು ವಿರಳ. ಆದುದರಿಂದ ಹೆಚ್ಚುವಾಗಲೂ ಮಸೆಯುವಾಗಲೂ ಭಾರವನ್ನೆಲ್ಲ ಹೊತ್ತ ನಡುಭಾಗವೇ ಕ್ಷಯಿಸುತ್ತದೆ. ಒಂದೇ ಮಗ್ಗುಲನ್ನು ಒತ್ತಿ ಮಸೆಯುವ ಅಭ್ಯಾಸವಿದ್ದರಂತೂ ಬಾಯಿ ಪಕ್ಕಕ್ಕೆ ಸರಿದು, ಕುಂಬಳಕಾಯಿಯನ್ನು ಸೀಳುವಾಗ ಅಲಗು ನೆಟ್ಟಗೆ ಇಳಿಯದೆ ಓರೆಯಾಗುತ್ತದೆ.

ಕಲ್ಲಿನ ಪಾತ್ರವೂ ಅಲ್ಪವಲ್ಲ. ಜೇವರ್ಗಿಯ ಕಡೆ ನೆಲಕ್ಕೂ ಮೆಟ್ಟಿಲಿಗೂ ಹಾಸುವ ಶಹಾಬಾದಿ ಫರಸಿಯು ಸುಣ್ಣಗಲ್ಲು. ಅದರ ಪ್ರಧಾನ ಖನಿಜದ ಕಾಠಿಣ್ಯವು ಮೋಸ್ ಮಾಪಕದಲ್ಲಿ 3 ಮಾತ್ರ. ಗಡಸು ಉಕ್ಕು ಅದಕ್ಕಿಂತ ಎಷ್ಟೋ ಕಠಿಣವಾದುದರಿಂದ ಮೆಟ್ಟಿಲಿಗೆ ಉಜ್ಜಿದ ಚೂರಿಯ ಮಡಚಿದ ಬಾಯಿ ತುಸು ನೆಟ್ಟಗಾದೀತೇ ಹೊರತು ಹೊಸ ಬಾಯಿ ಮೂಡದು. ಆಳಂದದ ಕಡೆಯ ಕರಿಗಲ್ಲು, ದಖನ್ನಿನ ಪುರಾತನ ಲಾವಾ ಆರಿ ಆದದ್ದು, ಗಟ್ಟಿಯಾದರೂ ಒರಟು. ಹಿಂದಿನವರ ಸಾಣೆಯಾದರೋ, ಕಾಠಿಣ್ಯದಲ್ಲಿ 9ನೆಯ ಸ್ಥಾನದ ಕುರಂದದ ಪುಡಿಯನ್ನು ಅರಗಿನಲ್ಲಿ ಕೂಡಿಸಿ ಮಾಡಿದ ಚಕ್ರ. ಇಂದಿನ ವಿದ್ಯುತ್ ಚಕ್ರದ ವೇಗಕ್ಕೆ ಹುಟ್ಟುವ ಶಾಖದಲ್ಲಿ ಬಾಯಿ ನೀಲಿಗೆ ತಿರುಗಿದರೆ, ಉಷ್ಣತೆ 300 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿ ಕಂಬಾರ ಕೂಡಿಸಿದ ಹದ ಕೆಟ್ಟಿತೆಂದೇ ತಿಳಿಯತಕ್ಕದ್ದು.

ಹುಳಿಯೂ ಈ ಉಕ್ಕಿನ ವೈರಿ. ಪುಂಡಿಪಲ್ಲೆಯನ್ನೋ ಹುಣಸೆಯನ್ನೋ ಕೊಯ್ದು ಹಾಗೆಯೇ ಇಟ್ಟ ಚೂರಿ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ. ಕಪ್ಪಿಗೆ ಅಂಜಬೇಕಿಲ್ಲ, ಕೆಂಪು ತುಕ್ಕಿಗೆ ಅಂಜಬೇಕು. ಮಹಾನವಮಿಯ ಖಂಡೆಪೂಜೆಯಲ್ಲಿ ಒದ್ದೆ ಕುಂಕುಮವನ್ನು ಹಚ್ಚಿ ರಾತ್ರಿಯೆಲ್ಲ ಬಿಟ್ಟ ಆಯುಧಕ್ಕೆ, ಭಕ್ತಿಗೆ ಕುಂದಿಲ್ಲದಿದ್ದರೂ, ತುಕ್ಕಿನ ಬೊಟ್ಟೊಂದು ಪ್ರಸಾದವಾಗಿ ದೊರೆಯುತ್ತದೆ. ತೊಳೆದೊಡನೆ ಒರೆಸಿ ತೆಳ್ಳಗೆ ಎಣ್ಣೆ ಸವರುವುದಕ್ಕಿಂತ ಹೆಚ್ಚಿನ ಔಷಧ ಬೇಕಾಗದು.

ಕುಳಿ ಬಿದ್ದ ಚೂರಿಯನ್ನು ಸರಿಪಡಿಸುವ ಕ್ರಮವು ಮೊದಲು ವಿಪರೀತವೆನಿಸೀತು: ಸವೆದ ನಡುವನ್ನು ಮುಟ್ಟದೆ, ಸವೆಯದೆ ಉಳಿದ ಬುಡವನ್ನೂ ತುದಿಯ ಕಡೆಯನ್ನೂ ಒರಟು ಕಲ್ಲಿನ ಮೇಲೆ ನೀರು ಹಾಕುತ್ತ ತೇಯಬೇಕು. ಹಲಗೆಯ ಮೇಲಿನ ಬೆಳಕಿನ ಗೆರೆ ಮಾಯವಾದ ಮೇಲೆಯೇ ಎರಡೂ ಮಗ್ಗುಲಿಗೆ ಸುಮಾರು 20 ಡಿಗ್ರಿಯ ಓರೆಯಲ್ಲಿ ಸಮವಾಗಿ ಮಸೆದು ಹೊಸ ಬಾಯಿ ತರಬೇಕು. ಬೆನ್ನು ದಪ್ಪ, ಬಾಯಿ ತೆಳುವಾದ ಅಲಗಿನಲ್ಲಿ ಬಾಯಿ ಹಿಂದೆ ಸರಿದಂತೆ ಅದು ದಪ್ಪ ಭಾಗಕ್ಕೇ ಬಂದು ನಿಲ್ಲುವುದರಿಂದ, ಮಗ್ಗುಲುಗಳನ್ನೂ ಆಗಾಗ ತೆಳ್ಳಗಾಗಿಸದೆ ಹೋದರೆ ಎಷ್ಟು ಹರಿತವಾದ ಚೂರಿಯೂ ಗಜ್ಜರಿಯನ್ನು ಕೊಯ್ಯದೆ ಸೀಳುತ್ತದೆ. ಕಲ್ಲಿನ ನಡುವೂ ಚೂರಿಯ ನಡುವಿನಂತೆಯೇ ತಗ್ಗಾಗುವುದಾದ್ದರಿಂದ ಅದನ್ನೂ ಮರಳಿನ ಮೇಲೆ ಉಜ್ಜಿ ಸಮಮಾಡಿಕೊಳ್ಳಬೇಕು.

ಕೆಲವು ಹಳೆಯ ಅಲಗುಗಳಲ್ಲಿ ಮೆತು ಕಬ್ಬಿಣದ ಬಾಯಿಗೆ ಮಾತ್ರ ಉಕ್ಕಿನ ಪಟ್ಟಿಯನ್ನು ಕೂಡಿಸಿರುತ್ತಾರೆ. ಆ ಉಕ್ಕು ತೀರಿದ ಮೇಲೆ ಯಾವ ಸಾಣೆಯೂ ಉಪಯೋಗಕ್ಕೆ ಬಾರದು. ಸುಗ್ಗಿಯ ಜೋಳದಲ್ಲಿ ಆಯ ಪಡೆದು ವರ್ಷವಿಡೀ ಊರ ಕುಡಗಳನ್ನು ಹಣಿಯುತ್ತಿದ್ದ ಕಂಬಾರನಿಗೆ ಇದು ಸಣ್ಣ ಕೆಲಸ. ಲಾರಿಯ ಕಮಾನುಪಟ್ಟಿಯ ತುಣುಕಿನಿಂದ ಹೊಸ ಅಲಗನ್ನೇ ಬಡಿದುಕೊಡುವ ಕೈಗಳು ಈಗಲೂ ಸಿಗುತ್ತವೆ, ಆದರೆ ಕೂಲಿ ರೊಕ್ಕದಲ್ಲಿ.

ಇಳಿಗಿಗೆ ಮಾತ್ರ ಮೇಲಿನ ವಿಧಿಯನ್ನು ಅಷ್ಟು ಕಟ್ಟುನಿಟ್ಟಾಗಿ ಅನ್ವಯಿಸಬೇಕಾಗಿಲ್ಲ. ಅಲ್ಲಿ ಹಲಗೆಯ ಸಂಗವೇ ಇಲ್ಲ. ಕಾಯಿಯನ್ನು ಅಲಗಿಗೆ ಒತ್ತಿ ಕೊಯ್ಯುವುದರಿಂದ ನಡುವಿನ ತಗ್ಗು ಬದನೆಕಾಯಿಯನ್ನು ಜಾರದಂತೆ ಹಿಡಿಯುವುದಕ್ಕೇ ಒದಗುತ್ತದೆ. ಅಲ್ಲಿ ನೋಡಬೇಕಾದುದು ಅಲಗು ಮಣೆಯೊಳಗೆ ಹೊಕ್ಕ ಬುಡವನ್ನು: ನೀರು ನಿಂತು, ಕಣ್ಣಿಗೆ ಕಾಣದಂತೆ ತುಕ್ಕು ಮೊದಲು ಹಿಡಿಯುವುದು ಆ ಸಂದಿಯಲ್ಲಿಯೇ.