ಸೆರೆಯಲ್ಲಿ ಮಡಿದ ಕ್ಯಾಪ್ಟನ್ ಅನ್ಸಾರಿ

ಖಟಕ ಚಿಂಚೋಳಿಯೇ ಮೊದಲಾದ ಬೀದರ ಸೀಮೆಯ ಗ್ರಾಮಗಳು 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. ಆ ಹೈದರಾಬಾದಿನವರೇ ರಜಪೂತ ರೆಜಿಮೆಂಟಿನ ಕ್ಯಾಪ್ಟನ್ ಮತೀನ್ ಅಹಮದ್ ಅನ್ಸಾರಿ. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಪತನವಾಗಲು ಅವರು ಜಪಾನೀಯರ ಕೈಸೆರೆಯಾದರು. ಅವರು ದೊಡ್ಡ ಸಂಸ್ಥಾನವೊಂದರ ಅರಸರ ಬಂಧುವೆಂದರಿತ ಶತ್ರುಗಳು, ನಿಷ್ಠೆಯನ್ನು ಬದಲಿಸುವಂತೆ ಒತ್ತಾಯಿಸಿದರು. ಅವರು ಒಪ್ಪಲಿಲ್ಲ. ಸ್ಟ್ಯಾನ್ಲಿ ಸೆರೆಮನೆಯ ಉಪವಾಸ, ಚಿತ್ರಹಿಂಸೆಗಳೂ ಅವರನ್ನು ಕದಲಿಸಲಿಲ್ಲ. ಶಿಬಿರಕ್ಕೆ ಮರಳಿದೊಡನೆ ಸಹಬಂದಿಗಳು ತಪ್ಪಿಸಿಕೊಳ್ಳಲು ನೆರವಾದರು. ಯಾರದೋ ದ್ರೋಹದಿಂದ 1943ರ ಮೇ ತಿಂಗಳಲ್ಲಿ ಮತ್ತೆ ಸೆರೆಮನೆ ಸೇರಿ, ಅಕ್ಟೋಬರಿನಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯೊಡನೆ ಶಿರಚ್ಛೇದಕ್ಕೆ ಗುರಿಯಾದರು. 1946ರಲ್ಲಿ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವು ಸಂದಿತು.

ಅವರು ಹೋರಾಡಿದ್ದು ಪರರ ಪತಾಕೆಯಡಿಯಲ್ಲಲ್ಲವೇ ಎಂದು ಕೆಲವರು ಕೇಳಬಹುದು. ಪತಾಕೆಯು ಪರರದಾಗಿರಬಹುದು, ತಾನೊಬ್ಬನೇ ಬದುಕುವ ದಾರಿಯನ್ನು ಧಿಕ್ಕರಿಸಿ ಸಂಗಡಿಗರ ಬಿಡುಗಡೆಗಾಗಿ ಪ್ರಾಣವನ್ನೊಪ್ಪಿಸಿದ ಧೈರ್ಯವು ನಮ್ಮದೇ. ನಮ್ಮ ಶಾಲೆಗಳ ಬಾಲಕರು ಈ ಹೆಸರನ್ನು ಅರಿಯಬೇಕೆಂಬುದೇ ನಮ್ಮ ಆಶಯ.